ಯಾರ ಚಿತ್ರ ಸ್ವಂತಕ್ಕೆ ಬೇಕು ಅಂದ್ರೆ: ರೆಂಬ್ರಾಂಟ್, ರವಿವರ್ಮ, ಮತ್ತೆ ನಿಮ್ಮ ಅಜ್ಜನ ಮನೆ ಲಕ್ಷ್ಮಿ ಪಟ

ಪ್ರಶ್ನೆ: ಸರ್, ನಾನು ತುಮಕೂರು ಕಡೆ ಹೈಸ್ಕೂಲಲ್ಲಿ ಡ್ರಾಯಿಂಗ್ ಟೀಚರ್. ಸ್ಟಾಫ್ ರೂಮಲ್ಲಿ ಮೊನ್ನೆ ಒಂದು ಚರ್ಚೆ ಎದ್ದಿತ್ತು, ದುಡ್ಡಿನ ಚಿಂತೆ ಇಲ್ಲ ಅಂದ್ರೆ ಯಾವ ಕಲಾವಿದನ ಕೆಲಸ ಮನೇಲಿ ಇಟ್ಕೊಳ್ತೀರಿ ಅಂತ. ಒಬ್ರು ವ್ಯಾನ್ ಗೋ ಅಂದ್ರು, ಇನ್ನೊಬ್ರು ಹುಸೇನ್. ನೀವಾದ್ರೆ ಯಾರದ್ದು ಆರಿಸ್ತೀರಿ? ನಮ್ಮಂಥ ಸಂಬಳದವರಿಗೆ ದೊಡ್ಡ ಹೆಸರಿನವರ ಕೆಲಸ ಕೊಳ್ಳೋದು ನಿಜವಾಗ್ಲೂ ಸಾಧ್ಯನಾ? ಇನ್ನೊಂದು, ನಮ್ಮ ಅಜ್ಜನ ಮನೇಲಿ ಹಳೇ ರವಿವರ್ಮ ಲಕ್ಷ್ಮಿ ಪಟ ಇದೆ, ಅದು ಒರಿಜಿನಲ್ ಹೌದೋ ಅಲ್ವೋ ಹೇಗೆ ನೋಡೋದು? ಅಮೆರಿಕದಲ್ಲಿರೋ ನಮ್ಮಣ್ಣ ಅದನ್ನ ತಾನು ತಗೊಂಡ್ಹೋಗ್ತೀನಿ ಅಂತ ಹಟ ಹಿಡಿದಿದಾನೆ.

ಉತ್ತರ: ಮೇಡಂ, ನಿಮ್ಮ ಪ್ರಶ್ನೇಲಿ ಮೂರು ಪ್ರಶ್ನೆ ಇವೆ, ನಿಮ್ಮಣ್ಣನ ವಿಷಯ ಸೇರಿಸಿದ್ರೆ ನಾಲ್ಕು. ಹಳೇ ಚಿತ್ರ, ಪ್ರಿಂಟು, ಕಾಗದ ಇವುಗಳ ರಿಪೇರಿ ಮಾಡಿ ಉಳಿಸೋ ಕೆಲಸ ನಂದು, ಹಾಗಾಗಿ ನಾನು ಹೇಳೋದ್ರಲ್ಲಿ ಕಾಗದದ ಕಡೆ ಸ್ವಲ್ಪ ಪಕ್ಷಪಾತ ಇರುತ್ತೆ, ಅದನ್ನ ಮೊದ್ಲೇ ಹೇಳಿಬಿಡ್ತೀನಿ.

ನನ್ನ ಆಯ್ಕೆ ರೆಂಬ್ರಾಂಟ್, 17ನೇ ಶತಮಾನದ ಡಚ್ ಕಲಾವಿದ. ಅದೂ ಆಯಿಲ್ ಪೇಂಟಿಂಗ್ ಅಲ್ಲ, ಅವನ ಎಚಿಂಗ್, ಅಂದ್ರೆ ತಾಮ್ರದ ತಗಡಿನ ಮೇಲೆ ಗೀರಿ ಕಾಗದಕ್ಕೆ ಅಚ್ಚು ಹಾಕಿದ ಚಿತ್ರ. ಕೇಳಿದವರೆಲ್ಲ ಮುಖ ನೋಡ್ತಾರೆ, ಇಡೀ ಪ್ರಪಂಚದ ದುಡ್ಡು ಕೊಟ್ರೂ ನೀವು ಅಂಗೈ ಅಗಲದ ಕಪ್ಪು-ಬಿಳಿ ಪ್ರಿಂಟ್ ಕೇಳ್ತೀರಲ್ರೀ ಅಂತ. ಹೌದು ಅದೇ ಬೇಕು. ಯಾಕೆ ಅನ್ನೋದಕ್ಕೆ ಮುಂದೆ ಬರ್ತೀನಿ, ಮೊದ್ಲು ನಿಮ್ಮ ಸಹೋದ್ಯೋಗಿಗಳ ಲಿಸ್ಟ್ ಮುಗಿಸೋಣ.

ವ್ಯಾನ್ ಗೋ ಅಂದವರಿಗೆ ಒಂದು ಮಾತು. ಅವನು ಬದುಕಿದ್ದಾಗ ಮಾರಾಟ ಆಗಿದ್ದಕ್ಕೆ ಸರಿಯಾದ ದಾಖಲೆ ಇರೋ ಪೇಂಟಿಂಗ್ ಅಂತ ಎಲ್ರೂ ಹೇಳೋದು 'ಕೆಂಪು ದ್ರಾಕ್ಷಿ ತೋಟ', 1890ರಲ್ಲಿ ಬ್ರಸೆಲ್ಸ್‌ನಲ್ಲಿ ಆನಾ ಬೋಕ್ ಅನ್ನೋ ಕಲಾವಿದೆ 400 ಫ್ರಾಂಕ್ ಕೊಟ್ಟು ತಗೊಂಡ್ಳು. ಅದಾಗಿ ಸರಿಯಾಗಿ 100 ವರ್ಷಕ್ಕೆ, 1990ರಲ್ಲಿ, ಅವನ ಡಾಕ್ಟರ್ ಗಾಶೆ ಚಿತ್ರ 82.5 ಮಿಲಿಯನ್ ಡಾಲರ್‌ಗೆ ಹೋಯ್ತು. ಕೊಂಡವನು ಜಪಾನಿನ ಕಾಗದ ಕಾರ್ಖಾನೆ ಮಾಲೀಕ ರ್ಯೋಯೆ ಸೈಟೊ, ನಾನು ಸತ್ತಾಗ ಚಿತ್ರಾನೂ ನನ್ನ ಜೊತೆ ಸುಟ್ಟುಬಿಡಿ ಅಂದುಬಿಟ್ಟ, ಜಗತ್ತೇ ಬಾಯಿಗೆ ಬಂದಂಗೆ ಬೈತು, ಆಮೇಲೆ ತಮಾಷೆಗೆ ಅಂದಿದ್ದು ಅಂತ ಸಮಜಾಯಿಷಿ ಬಂತು. ಸುಡ್ಲಿಲ್ಲ, ಆದ್ರೆ ಅವನು ಸತ್ತ ಮೇಲೆ ಆ ಚಿತ್ರ ಕೈಯಿಂದ ಕೈಗೆ ಹೋಗಿ ಸಾರ್ವಜನಿಕರ ಕಣ್ಣಿಗೆ ಬೀಳದ ಹಾಗೆ ಯಾರದ್ದೋ ಖಾಸಗಿ ಸಂಗ್ರಹ ಸೇರ್ಕೊಂಡ್ತು. ವರ್ಮೀರ್ ಅನ್ನೋ ಇನ್ನೊಬ್ಬ ಹಳೇ ಡಚ್ ಕಲಾವಿದನದ್ದಂತೂ ಆಸೆ ಪಡೋದೇ ಬೇಡ. ಒಟ್ಟು 35ರ ಆಚೆ-ಈಚೆ ಪೇಂಟಿಂಗ್ ಉಳಿದಿವೆ, ಹೆಚ್ಚೂಕಮ್ಮಿ ಎಲ್ಲಾ ಮ್ಯೂಸಿಯಂನಲ್ಲಿ. 2004ರಲ್ಲಿ ಒಂದು ಪುಟಾಣಿ ಚಿತ್ರ ಲಂಡನ್ ಹರಾಜಿಗೆ ಬಂದಿದ್ದೇ ದೊಡ್ಡ ಸುದ್ದಿ ಆಗಿತ್ತು, 1 ಕೋಟಿ 62 ಲಕ್ಷ ಪೌಂಡ್.

ಹುಸೇನ್ ಅಂದವರ ಆಸೇಲಿ ಸ್ವಲ್ಪ ತೂಕ ಇದೆ. 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಲ್ಲಿ ಅವರ 1954ರ 'ಗ್ರಾಮಯಾತ್ರೆ' 13.75 ಮಿಲಿಯನ್ ಡಾಲರ್‌ಗೆ ಹೋಯ್ತಲ್ಲ, ಆಗಿನ ಲೆಕ್ಕದಲ್ಲಿ ಸುಮಾರು 118 ಕೋಟಿ. ಹದಿನಾಲ್ಕು ಅಡಿ ಹತ್ತಿರ ಉದ್ದದ ಚಿತ್ರ, ಅದ್ರಲ್ಲಿ ಹಳ್ಳಿ ಬದುಕಿನ ಹದಿಮೂರು ತುಣುಕು, ಬೀಸೋದು, ಗಾಡಿ ಹೊಡೆಯೋದು, ಮಗು ಎತ್ಕೊಂಡಿರೋದು. ನನಗೆ ಬೆಲೆಗಿಂತ ಇಷ್ಟ ಆಗೋದು ಅದು ಇದ್ದ ಜಾಗ. ದೆಹಲೀಲಿ ವಿಶ್ವ ಆರೋಗ್ಯ ಸಂಸ್ಥೆ ಕೆಲಸದ ಮೇಲೆ ಬಂದಿದ್ದ ಡಾಕ್ಟರೊಬ್ಬರು 1954ರಲ್ಲೇ ಕೊಂಡು ನಾರ್ವೆಗೆ ಒಯ್ದು, ಓಸ್ಲೋದ ಆಸ್ಪತ್ರೆಗೆ ಕೊಟ್ಬಿಟ್ರು. ದಶಕಗಟ್ಟಲೆ ಅದು ಅಲ್ಲೇ ಗೋಡೆ ಮೇಲೆ ನೇತಾಡ್ತಿತ್ತು, ಕೆಳಗೆ ಡಾಕ್ಟರ್‌ಗಳು ಓಡಾಡ್ಕೊಂಡು ಇದ್ರು. ಹುಸೇನ್ ಆಗ ಇನ್ನೂ ಹುಸೇನ್ ಆಗಿರ್ಲಿಲ್ಲ. ಆ ಡಾಕ್ಟರು ಹೂಡಿಕೆ ಅಂತ ಲೆಕ್ಕ ಹಾಕಿ ಕೊಂಡಿದ್ರು ಅಂತ ನನಗಂತೂ ಅನ್ಸಲ್ಲ, ಕಣ್ಣಿಗೆ ಹಿಡಿಸ್ತು ತಗೊಂಡ್ರು ಅಷ್ಟೆ.

ಅಮೃತಾ ಶೇರ್‌ಗಿಲ್ ಹೆಸರು ನಿಮ್ಮ ಸ್ಟಾಫ್ ರೂಮಲ್ಲಿ ಯಾರೂ ಹೇಳ್ಲಿಲ್ವಾ? 28ನೇ ವಯಸ್ಸಿಗೆ, 1941ರಲ್ಲಿ, ಲಾಹೋರಿನಲ್ಲಿ ತೀರಿಕೊಂಡ್ರು, ಮಾಡಿದ್ದೇ ಕಮ್ಮಿ, ಅದ್ರಲ್ಲೂ ಹೆಚ್ಚಿನ ಪಾಲು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ (ಎನ್‌ಜಿಎಂಎ) ಸಂಗ್ರಹದಲ್ಲಿದೆ. ಹಾಗಾಗಿ ಮಾರುಕಟ್ಟೆಗೆ ಬಂದಾಗ ಕಿತ್ತಾಟ. 2023ರಲ್ಲಿ 'ಕಥೆ ಹೇಳುವವಳು' 61.8 ಕೋಟಿಗೆ ಹೋಯ್ತು. ಅದು 1937ರ ಚಿತ್ರ, ಅವರು ಅಜಂತಾ ನೋಡಿ ದಕ್ಷಿಣಕ್ಕೆಲ್ಲ ಸುತ್ತಿ ಹೋದಮೇಲೆ ಮಾಡಿದ್ದು, ಆ ಪ್ರವಾಸ ಆದಮೇಲೆ ಅವರ ಬಣ್ಣಾನೇ ಬದಲಾಗಿಬಿಡುತ್ತೆ, ಪ್ಯಾರಿಸ್‌ನಲ್ಲಿ ಕಲಿತದ್ದೆಲ್ಲ ಎಲ್ಲೋ ಒಳಗಡೆ ಹೋಗಿ ಮಣ್ಣಿನ ಕೆಂಪು ಮೇಲೆ ಬರುತ್ತೆ.

ಇಲ್ಲೊಂದು ಕಾನೂನು ಬರುತ್ತೆ, ನಿಮ್ಮಣ್ಣನಿಗೂ ಸಂಬಂಧ ಇರೋದು. 1972ರ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆ ಅಂತ ಇದೆ. ಅದರಡಿ ಒಂಬತ್ತು ಜನ ಕಲಾವಿದರ ಕೆಲಸಾನ ದೇಶದ ಕಲಾ ಸಂಪತ್ತು ಅಂತ ಘೋಷಿಸಿದಾರೆ: ರವಿವರ್ಮ, ರವೀಂದ್ರನಾಥ ಠಾಕೂರ್, ಅವನೀಂದ್ರನಾಥ, ಗಗನೇಂದ್ರನಾಥ, ನಂದಲಾಲ್ ಬೋಸ್, ಜಾಮಿನಿ ರಾಯ್, ಶೇರ್‌ಗಿಲ್, ಶೈಲೋಜ್ ಮುಖರ್ಜಿ, ಮತ್ತೆ ನಿಕೊಲಸ್ ರೋರಿಕ್. ನೋಡಿ, ರೋರಿಕ್ ರಷ್ಯಾದವರು, ಆದ್ರೂ ನಮ್ಮ ಲಿಸ್ಟಲ್ಲಿ ಇದಾರೆ. ಅವರ ಮಗ ಸ್ವೆತೊಸ್ಲಾವ್ ನಮ್ಮ ಕನಕಪುರ ರಸ್ತೆ ತಾತಗುಣಿ ತೋಟದಲ್ಲಿ ಹೆಂಡತಿ, ಸಿನಿಮಾ ನಟಿ ದೇವಿಕಾ ರಾಣಿ ಜೊತೆ ಇದ್ದವರು, ಚಿತ್ರಕಲಾ ಪರಿಷತ್ತಿಗೆ ಹೋದ್ರೆ ಇಬ್ಬರ ಕೆಲಸಾನೂ ನೋಡಬಹುದು. ಈ ಒಂಬತ್ತು ಜನರ ಕೆಲಸ ದೇಶದೊಳಗೆ ಕೊಳ್ಳಬಹುದು ಮಾರಬಹುದು, ಹೊರದೇಶಕ್ಕೆ ಮಾತ್ರ ಹೋಗೋ ಹಾಗಿಲ್ಲ. ಇದೇ ಕಾಯ್ದೇಲಿ 100 ವರ್ಷ ದಾಟಿದ ಕಲಾಕೃತಿ ಯಾರದ್ದೇ ಆಗಿರ್ಲಿ, ಹೆಸರಿಲ್ಲದವನು ಮಾಡಿದ್ದೇ ಆಗಿರ್ಲಿ, ಅದು ಪುರಾತನ ವಸ್ತು ಅಂತ ಲೆಕ್ಕ, ಅದನ್ನೂ ಒಯ್ಯೋ ಹಾಗಿಲ್ಲ. ಅಂದ್ರೆ ನಿಮ್ಮ ಲಕ್ಷ್ಮಿ ಪಟ ನಿಜವಾಗ್ಲೂ ಹಳೇದೇ ಆಗಿದ್ರೆ ನಿಮ್ಮಣ್ಣ ಅದನ್ನ ಸೂಟ್‌ಕೇಸಲ್ಲಿ ಬಟ್ಟೆ ಮಧ್ಯೆ ಇಟ್ಕೊಂಡು ಹೋಗೋದು ಕಾನೂನುಬಾಹಿರ. ಹೊಸದಾಗಿದ್ರೆ ಧಾರಾಳವಾಗಿ ಒಯ್ಯಲಿ. ಒಂಥರಾ ವಿಚಿತ್ರ ಸ್ಥಿತಿ, ಅವರು ಅದು ನಕಲಿ ಅಂತ ಹಾರೈಸಬೇಕು, ನೀವು ಅಸಲಿ ಅಂತ.

ಸರಿ ಹಾಗಾದ್ರೆ ಪಟ ಹೇಗೆ ನೋಡೋದು.

ಮೊದ್ಲು 'ಒರಿಜಿನಲ್' ಅಂದ್ರೆ ಏನು ಅಂತ ಸ್ಪಷ್ಟ ಮಾಡ್ಕೊಳ್ಳಿ. ರವಿವರ್ಮ ಕೈಯಾರೆ ಬರೆದ ಆಯಿಲ್ ಪೇಂಟಿಂಗ್ ನಿಮ್ಮ ಅಜ್ಜನ ಮನೇಲಿ ಇರೋ ಸಾಧ್ಯತೆ ತೀರಾ ಕಮ್ಮಿ, ಬೇಜಾರಾಗ್ಬೇಡಿ. ಅವು ಅರಮನೆಗಳಲ್ಲಿ, ಮೈಸೂರಿನ ಜಗನ್ಮೋಹನ ಅರಮನೇಲಿ, ಬರೋಡಾದಲ್ಲಿ, ತಿರುವನಂತಪುರದಲ್ಲಿ ಇವೆ, ಮಾರುಕಟ್ಟೆಗೆ ಬಂದ್ರೆ ಕೋಟಿಗಳ ಮಾತು. ನಿಮ್ಮಲ್ಲಿರೋದು ಓಲಿಯೊಗ್ರಾಫ್ ಆಗಿರಬಹುದು, ಅಂದ್ರೆ ಕಲ್ಲಚ್ಚಿನಲ್ಲಿ ಬಣ್ಣ ಬಣ್ಣವಾಗಿ ಛಾಪಿಸಿ ವಾರ್ನಿಷ್ ಹೊಡೆದ ಪ್ರಿಂಟು. ರವಿವರ್ಮ 1894ರಲ್ಲಿ ಮುಂಬೈಯ ಗಿರ್‌ಗಾಂವ್‌ನಲ್ಲಿ ಪ್ರೆಸ್ ಹಾಕಿದ್ರು, ಜರ್ಮನಿಯಿಂದ ಮಿಷನ್ನು, ಜರ್ಮನಿಯ ಕೆಲಸಗಾರರು. ನಿಮ್ಮ ಚಿತ್ರಗಳಿಗೆ ಎಲ್ಲಾ ಕಡೆಯಿಂದ ಬೇಡಿಕೆ ಬರ್ತಿದೆ, ಎರಡೇ ಕೈಯಲ್ಲಿ ಪೂರೈಸೋಕಾಗಲ್ಲ, ಪ್ರಿಂಟ್ ಮಾಡ್ಸಿ ಅಂತ ಅವರಿಗೆ ಸಲಹೆ ಕೊಟ್ಟಿದ್ದು ದಿವಾನ್ ಟಿ. ಮಾಧವರಾಯರು. ಆಮೇಲೆ ಪ್ಲೇಗು, ಸಾಲ, ಪ್ರೆಸ್ಸು ಲೋನಾವ್ಳಾ ಹತ್ರಕ್ಕೆ ಹೋಯ್ತು, ಕೊನೆಗೆ ಫ್ರಿಟ್ಜ್ ಶ್ಲೈಶರ್ ಅನ್ನೋ ಜರ್ಮನ್ ಟೆಕ್ನಿಶಿಯನ್‌ಗೇ ಮಾರಿಬಿಟ್ರು. ಕಲಾವಿದರಾಗಿ ಗೆದ್ರು, ಪ್ರೆಸ್ ಮಾಲೀಕರಾಗಿ ಸೋತ್ರು. ಆದ್ರೆ ಆ ಸೋತ ಬಿಸಿನೆಸ್ಸೇ ನಮ್ಮ ದೇವರಮನೆಗಳಿಗೆ ಲಕ್ಷ್ಮಿ ಸರಸ್ವತಿಯರ ಮುಖ ಕೊಟ್ಟಿದ್ದು, ಕಣ್ಣು ಮುಚ್ಚಿ ಸರಸ್ವತಿ ಅಂದ್ಕೊಳ್ಳಿ, ಬರೋದು ಆ ಬಂಡೆ ಮೇಲೆ ಕೂತು ವೀಣೆ ಹಿಡಿದಿರೋ ಚಿತ್ರಾನೇ ತಾನೆ?

ಪ್ರೆಸ್ಸು ಕೈ ಬದಲಾದ ಮೇಲೂ ದಶಕಗಳ ಕಾಲ 'ರವಿವರ್ಮ ಪ್ರೆಸ್' ಹೆಸರಲ್ಲೇ ಛಾಪಿಸ್ತಾ ಹೋದ್ರು, ಎಂ. ವಿ. ಧುರಂಧರ್ ಥರದ ಬೇರೆ ಕಲಾವಿದರ ಚಿತ್ರಗಳೂ ಅಲ್ಲಿಂದ ಬಂದ್ವು. ಆದ್ದರಿಂದ ಪ್ರೆಸ್ ಹೆಸರು ಕಂಡ ತಕ್ಷಣ ಇದು ರವಿವರ್ಮ ಕಾಲದ್ದೇ ಅಂತ ಕುಣಿಯೋದು ಬೇಡ. 1972ರಲ್ಲಿ ಅಲ್ಲಿ ಬೆಂಕಿ ಬಿದ್ದು ಫ್ಯಾಕ್ಟರಿ ಸುಟ್ಟು ಹೋಯ್ತು, ಹಾಗಾಗಿ ದಾಖಲೆ ತೆಗೆದು ತಾಳೆ ನೋಡೋಣ ಅನ್ನೋದೂ ಕಷ್ಟ.

ಈಗ ಕೆಲಸ. ನಿಮ್ಮೂರಿನ ಅಕ್ಕಸಾಲಿಗರ ಹತ್ರ ಕಣ್ಣಿಗೆ ಸಿಕ್ಕಿಸ್ಕೊಳ್ಳೋ ಸಣ್ಣ ಭೂತಗನ್ನಡಿ ಇರುತ್ತೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸೋದು, ಒಂದು ದಿನದ ಮಟ್ಟಿಗೆ ಇಸ್ಕೊಳ್ಳಿ. ಪಟಾನ ಹಗಲು ಬೆಳಕಲ್ಲಿ ಮೇಜಿನ ಮೇಲೆ ಮಲಗಿಸಿ ಲಕ್ಷ್ಮಿಯ ಕೆನ್ನೆ ನೋಡಿ. ಚುಕ್ಕೆಗಳೆಲ್ಲ ಒಂದೇ ಅಂತರದಲ್ಲಿ, ಸಾಲಾಗಿ, ನೀಲಿ-ಗುಲಾಬಿ-ಹಳದಿ-ಕಪ್ಪು ನಾಲ್ಕೇ ಬಣ್ಣ, ಸಣ್ಣ ಸಣ್ಣ ಹೂವಿನ ಥರ ವೃತ್ತ ಕಟ್ಕೊಂಡಿದ್ರೆ ಅದು ಆಫ್‌ಸೆಟ್ ಪ್ರಿಂಟು, ಆಮೇಲಿನ ಕಾಲದ್ದು. ಚುಕ್ಕೆಗಳು ಅಡ್ಡಾದಿಡ್ಡಿ, ಒಂದು ದಪ್ಪ ಒಂದು ಸಣ್ಣ, ಮೈಬಣ್ಣಕ್ಕೇ ಬೇರೆ ಗುಲಾಬಿ ನೆರಳಿಗೇ ಬೇರೆ ಕಂದು ಅಂತ ಹಲವಾರು ಶಾಯಿ ಕಂಡ್ರೆ ನಿಮಗೆ ಅದೃಷ್ಟ ಇದೆ, ಯಾಕಂದ್ರೆ ಅದು ಕಲ್ಲಚ್ಚು. ಒಬ್ಬ ಕೆಲಸಗಾರ ಕೂತ್ಕೊಂಡು ಒಂದೊಂದು ಬಣ್ಣಕ್ಕೆ ಒಂದೊಂದು ಸುಣ್ಣದಕಲ್ಲಿನ ಹಲಗೆ ಮೇಲೆ ಆ ಚುಕ್ಕೆಗಳನ್ನೆಲ್ಲ ಕೈಯಲ್ಲೇ ಇಟ್ಟಿರ್ತಾನೆ, ಒಂದು ಚಿತ್ರಕ್ಕೆ ಅಂಥ ಎಷ್ಟೋ ಕಲ್ಲು, ಪ್ರತಿ ಹಾಳೇನೂ ಅಷ್ಟೂ ಕಲ್ಲಿನ ಮೇಲೆ ಒಂದೊಂದ್ಸಲ ಹೋಗಿ ಬರಬೇಕು. ಹಾಗೆ ಹೋಗಿ ಬರುವಾಗ ಹಾಳೆ ಒಂಚೂರು ಜರುಗಿದ್ರೂ ಗೊತ್ತಾಗುತ್ತೆ. ತುಟಿ ನೋಡಿ, ಕೆಂಪು ಬಣ್ಣ ಗೆರೆಯಿಂದ ಕೂದಲೆಳೆಯಷ್ಟು ಆಚೆ ಬಂದಿರುತ್ತೆ. ಕಮಲದ ದಳದ ತುದೀಲೂ ಹಾಗೇನೇ. ಮಾರೋವರು ಅದನ್ನ ದೋಷ ಅಂತಾರೆ, ನನಗೆ ಅದು ಬಹಳ ಪ್ರೀತಿಯ ಗುರುತು.

ಆಮೇಲೆ ಕೆಳಗಿನ ಅಂಚು. ಪ್ರೆಸ್ ಹೆಸರು, ಊರು, ಕೆಲವೊಮ್ಮೆ ಚಿತ್ರದ ಹೆಸರು ಅಲ್ಲಿ ಇರುತ್ತೆ. ದುರದೃಷ್ಟ ಅಂದ್ರೆ ನಮ್ಮ ಫ್ರೇಮ್ ಅಂಗಡಿಯವರು ಇದ್ದ ಫ್ರೇಮಿಗೆ ಹೊಂದಿಸೋಕೆ ಅಂತ ಆ ಅಂಚನ್ನೇ ಕತ್ತರಿಸಿ ಬಿಸಾಕಿರ್ತಾರೆ. ಅಂಚು ಇಲ್ಲ ಅಂದ್ರೆ ನಕಲಿ ಅಂತ ಅರ್ಥ ಅಲ್ಲ, ಬೆಲೆ ಮಾತ್ರ ಇಳಿಯುತ್ತೆ. ಸೀರೆ ಜಾಗದಲ್ಲಿ ನಿಜವಾದ ಬಟ್ಟೆ, ಜರಿ, ಮಿಣುಕು ಹಚ್ಚಿದ್ರೆ ಗಾಬರಿಯಾಗಿ ಕಿತ್ತು ಹಾಕ್ಬೇಡಿ, ಆ ಕಾಲದ ಹೆಂಗಸರು ಮನೇಲಿ ಕೂತು ದೇವಿಗೆ ಸೀರೆ ಉಡ್ಸೋರು, ಈಗ ಅಂಥ ಪಟ ಹುಡುಕ್ಕೊಂಡು ಬರೋ ಸಂಗ್ರಾಹಕರೇ ಬೇರೆ ಇದಾರೆ. ಎಚ್ಚರಿಕೆ ಒಂದೇ, ಹಳೇ ಫ್ರೇಮಿಗೆ ಹೊಸ ಡಿಜಿಟಲ್ ಪ್ರಿಂಟ್ ತುರುಕಿ, ಟೀ ಡಿಕಾಕ್ಷನ್ ಬಳಿದು ಹಳೇದು ಅಂತ ಮಾರೋದು ಈಗ ಜೋರಾಗಿ ನಡೀತಿದೆ, ಫ್ರೇಮ್ ನೋಡಿ ಚಿತ್ರದ ವಯಸ್ಸು ಹೇಳೋಕೆ ಹೋಗ್ಬೇಡಿ.

ಬೆಲೆ ಕೇಳ್ತೀರಿ ಅಂತ ಗೊತ್ತು. ಸಾಧಾರಣ ಸ್ಥಿತೀಲಿರೋ ಸಾಮಾನ್ಯ ದೇವರ ಪಟ ಕೆಲವು ಸಾವಿರ, ಅಂಚು ಪೂರ್ತಿ ಇದ್ದು ಬಣ್ಣ ಗಟ್ಟಿಯಾಗಿ ಉಳಿದು ಅಪರೂಪದ ವಸ್ತು ಆಗಿದ್ರೆ ಲಕ್ಷ ದಾಟಬಹುದು. ಅಂದ್ರೆ ನಿಮ್ಮ ಎರಡನೇ ಪ್ರಶ್ನೆಗೆ ಇಲ್ಲೇ ಅರ್ಧ ಉತ್ತರ ಸಿಕ್ತು ನೋಡಿ, ದೇಶದ ಅತಿ ದೊಡ್ಡ ಹೆಸರಿನ ಕಲಾವಿದ ಸಂಬಳದವರ ಕೈಗೆ ಸಿಗಲಿ ಅಂತಲೇ ಮಾಡಿಸಿದ ವಸ್ತು ಇದು.

ರವಿವರ್ಮ ಅಂದ್ಕೂಡ್ಲೆ ನೆನಪಾಯ್ತು. ಜಗನ್ಮೋಹನ ಅರಮನೇಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಬೆರಳ ಸಂದಿನಿಂದ ಬೆಳಕು ಕೆಂಪಗೆ ತೂರಿ ಬರೋದು, ಹತ್ತಕ್ಕೆ ಎಂಟು ಜನ ಅದನ್ನ ರವಿವರ್ಮ ಅಂತಲೇ ಹೇಳ್ತಾರೆ. ಅಲ್ಲ ಕಣ್ರೀ. ಅದು ಎಸ್. ಎಲ್. ಹಳದಣಕರ್ ಅವರದ್ದು, 1940ರ ದಶಕದ್ದು, ಅಷ್ಟೊತ್ತಿಗೆ ರವಿವರ್ಮ ತೀರಿಕೊಂಡು ಸುಮಾರು ನಲವತ್ತು ವರ್ಷ ಆಗಿತ್ತು. ಮಾಡೆಲ್ ಆಗಿ ನಿಂತವರು ಕಲಾವಿದರ ಮಗಳೇ. ಅದು ಆಯಿಲ್ಲೂ ಅಲ್ಲ, ಜಲವರ್ಣ, ಅಂದ್ರೆ ಕಾಗದದ ಮೇಲೆ ನೀರಿನ ಬಣ್ಣ, ತಪ್ಪಿದ್ರೆ ತಿದ್ದೋಕಾಗಲ್ಲ. ನೀವು ಡ್ರಾಯಿಂಗ್ ಟೀಚರ್, ಆ ಸೀರೆ ಮೇಲಿನ ಬೆಳಕನ್ನ ವಾಟರ್‌ಕಲರಲ್ಲಿ ತರೋದು ಎಂಥ ಕಷ್ಟ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಮಕ್ಕಳನ್ನ ಟೂರ್ ಕರ್ಕೊಂಡ್ಹೋದ್ರೆ ಹೆಸರು ಸರಿಯಾಗಿ ಹೇಳ್ಕೊಡಿ, ಪಾಪ ಹಳದಣಕರ್.

ಜಾಮಿನಿ ರಾಯ್ ಬಗ್ಗೆ ಹೇಳ್ದೆ ಹೋದ್ರೆ ಸಂಬಳದವರ ಮಾತು ಪೂರ್ತಿ ಆಗಲ್ಲ. ಬಂಗಾಳದ ಬಾಂಕುಡಾ ಜಿಲ್ಲೆಯ ಹಳ್ಳಿಯವರು, 1887ರಲ್ಲಿ ಹುಟ್ಟಿದವರು, ಕಲ್ಕತ್ತಾ ಆರ್ಟ್ ಸ್ಕೂಲಲ್ಲಿ ವಿಲಾಯತಿ ಪದ್ಧತಿ ಕಲಿತು ಪೋರ್ಟ್ರೇಟ್ ಮಾಡಿ ಚೆನ್ನಾಗೇ ದುಡೀತಿದ್ರು, ಅದನ್ನೆಲ್ಲ ಬಿಟ್ಟು ಕಲ್ಕತ್ತಾದ ಕಾಳಿ ಗುಡಿ ಹತ್ರ ಮಾರ್ತಿದ್ದ ಕಾಳಿಘಾಟ್ ಪಟದ ಕಡೆ, ಪಟುವಾ ಅನ್ನೋ ಹಳ್ಳಿ ಪಟ ಬರೆಯೋರ ಕಡೆ ತಿರುಗಿದ್ರು. ದಪ್ಪ ಗೆರೆ, ಮೀನಿನಂಥ ಕಣ್ಣು, ಮಣ್ಣು-ಕಲ್ಲು-ಎಲೆಯಿಂದ ತಯಾರಿಸಿದ ಬಣ್ಣ. ಅವರಿಗೆ ಚಿತ್ರ ಸಾಮಾನ್ಯರ ಮನೆ ಸೇರಬೇಕು ಅನ್ನೋ ಹಟ, ಅದಕ್ಕೆ ಒಂದೇ ಚಿತ್ರಾನ ಮತ್ತೆ ಮತ್ತೆ ಮಾಡೋರು, ಮನೆಯವರು ಶಿಷ್ಯರು ಎಲ್ಲ ಕೈ ಹಾಕೋರು, ಕಡಿಮೆ ಬೆಲೆಗೆ ಕೊಡೋರು. ತತ್ವ ಏನೋ ದೊಡ್ಡದು, ಆದ್ರೆ ಈಗ ಅದೇ ತಲೆನೋವು. ಯಾವುದು ಅವರ ಕೈ, ಯಾವುದು ಮನೆಯವರ ಕೈ, ಯಾವುದು ಪೂರ್ತಿ ನಕಲಿ ಅಂತ ಬಿಡಿಸೋದು ನಮ್ಮಂಥವರಿಗೂ ಕಷ್ಟ. ಭಾರತದಲ್ಲಿ ಅತಿ ಹೆಚ್ಚು ನಕಲಾಗೋ ಹೆಸರುಗಳಲ್ಲಿ ಇದೂ ಒಂದು. 'ಅರ್ಜೆಂಟಾಗಿ ದುಡ್ಡು ಬೇಕು, ಜಾಮಿನಿ ರಾಯ್ ಇದೆ, 2 ಲಕ್ಷಕ್ಕೆ ಕೊಡ್ತೀನಿ' ಅಂತ ಯಾರಾದ್ರೂ ವಾಟ್ಸಾಪಲ್ಲಿ ಫೋಟೊ ಕಳಿಸಿದ್ರೆ ಉತ್ತರಾನೂ ಕೊಡ್ಬೇಡಿ.

ಸಹಿ ನೋಡಿ ನಂಬೋದು ಬಹಳ ಹಳೇ ರೋಗ. ಸಹಿ ಹಾಕೋದು ಚಿತ್ರದಲ್ಲಿ ಅತಿ ಸುಲಭದ ಭಾಗ. 2011ರಲ್ಲಿ ಕೋಲ್ಕತ್ತಾದ ಸರ್ಕಾರಿ ಆರ್ಟ್ ಕಾಲೇಜಲ್ಲೇ ಠಾಕೂರರ ಚಿತ್ರ ಅಂತ ಪ್ರದರ್ಶನಕ್ಕಿಟ್ಟಿದ್ದವು ಪರೀಕ್ಷೆ ಮಾಡಿದಾಗ ಅವರದ್ದಲ್ಲ ಅಂತ ಪುರಾತತ್ವ ಇಲಾಖೆ ವರದಿ ಬಂತು, ಅವರ ಸ್ವಂತ ಊರಲ್ಲೇ ಹೀಗಾದ್ರೆ ಬೇರೆ ಕಡೆ ಕೇಳ್ಬೇಕಾ. ಅದೇ ವರ್ಷ ನ್ಯೂಯಾರ್ಕ್‌ನ ನೋಡ್ಲರ್ ಗ್ಯಾಲರಿ, ನೂರೈವತ್ತಕ್ಕೂ ಹೆಚ್ಚು ವರ್ಷದ ಹೆಸರು, ಬಾಗಿಲು ಹಾಕ್ತು. ಅಲ್ಲಿ 8.3 ಮಿಲಿಯನ್ ಡಾಲರ್ ಕೊಟ್ಟು ಅಮೆರಿಕದ ಹೆಸರಾಂತ ಕಲಾವಿದ ರಾಥ್ಕೊನ ಚಿತ್ರ ಅಂತ ಕೊಂಡಿದ್ದನ್ನ ಮಾಡಿದ್ದು ಅದೇ ಊರಿನ ಕ್ವೀನ್ಸ್ ಕಡೆಯ ಮನೆಯೊಂದ್ರಲ್ಲಿ ಕೂತ ಚೀನಾ ಮೂಲದ ಒಬ್ಬ ಕಲಾವಿದ. ಹಾಗಾಗಿ ಕೊಳ್ಳೋವಾಗ ಚಿತ್ರದ ಜೊತೆ ಅದರ ಜಾತಕ ಕೇಳ್ಬೇಕು: ಕಲಾವಿದರಿಂದ ಯಾರು ಕೊಂಡ್ರು, ಯಾವಾಗ, ಯಾವ ಪ್ರದರ್ಶನದಲ್ಲಿತ್ತು, ಯಾವ ಕ್ಯಾಟಲಾಗಲ್ಲಿ ಅಚ್ಚಾಗಿದೆ, ಹಳೇ ಬಿಲ್ಲು, ಪತ್ರ, ಚಿತ್ರದ ಹಿಂದೆ ಅಂಟಿಸಿದ ಚೀಟಿ. ಮಧ್ಯೆ ಮೂವತ್ತು ವರ್ಷ ಕಾಣೆ ಆಗಿದ್ರೆ ಆ ಮೂವತ್ತು ವರ್ಷಕ್ಕೆ ಒಂದು ಕತೆ ಹೇಳ್ತಾರೆ, ಕತೆ ಎಷ್ಟು ಚೆನ್ನಾಗಿರುತ್ತೋ ಅಷ್ಟು ಅನುಮಾನ ಪಡಿ.

ಇನ್ನು ನನ್ನ ರೆಂಬ್ರಾಂಟ್.

ಸುಮಾರು 300 ಎಚಿಂಗ್ ಮಾಡಿದಾನೆ. ತಾಮ್ರದ ತಗಡಿಗೆ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದಿದ್ರೆ ಗೀರಿದ ಕಡೆ ಮಾತ್ರ ತಾಮ್ರ ತಿಂದು ಕಾಲುವೆ ಆಗುತ್ತೆ, ಅದಕ್ಕೆ ಶಾಯಿ ತುಂಬಿ, ಮೇಲಿಂದ ಒರೆಸಿ, ಒದ್ದೆ ಕಾಗದ ಇಟ್ಟು ರೋಲರ್ ಪ್ರೆಸ್ಸಲ್ಲಿ ಒತ್ತೋದು. ಒರಿಜಿನಲ್ ಪ್ರಿಂಟ್ ಕೈಗೆ ಬಂದ್ರೆ ಬೆಳಕಿಗೆ ಓರೆಯಾಗಿ ಹಿಡೀರಿ, ತಗಡಿನ ಅಂಚು ಕಾಗದದಲ್ಲಿ ಚೌಕಟ್ಟಿನ ಹಾಗೆ ತಗ್ಗಾಗಿ ಕೂತಿರುತ್ತೆ, ಗೆರೆಗಳು ಕಾಗದದ ಮೇಲೆ ಉಬ್ಬಿ ನಿಂತಿರುತ್ವೆ. ರೆಂಬ್ರಾಂಟ್ ಆಸಿಡ್ ಕೆಲಸ ಮುಗಿದ ಮೇಲೆ ಒಣ ಸೂಜಿಯಲ್ಲಿ ನೇರವಾಗಿ ತಾಮ್ರ ಕೆರೀತಿದ್ದ. ಹಾಗೆ ಕೆರೆದಾಗ ಪಕ್ಕದಲ್ಲಿ ತಾಮ್ರದ ಸಣ್ಣ ಸಿಬಿರು ಎದ್ದು ನಿಲ್ಲುತ್ತೆ, ಅದು ಶಾಯಿ ಹಿಡ್ಕೊಂಡು ಕಾಗದದ ಮೇಲೆ ಮಖಮಲ್ಲಿನಂಥ ಕಪ್ಪು ಬಿಡುತ್ತೆ. ಆದ್ರೆ ಪ್ರೆಸ್ಸಿನ ಒತ್ತಡಕ್ಕೆ ಆ ಸಿಬಿರು ಕೆಲವೇ ಹತ್ತಾರು ಪ್ರಿಂಟಿಗೆ ಸವೆದು ಹೋಗುತ್ತೆ. ಆದ್ದರಿಂದ ಒಂದೇ ತಗಡಿನ ಮೊದಲ ಪ್ರಿಂಟಿಗೂ ಇನ್ನೂರನೇ ಪ್ರಿಂಟಿಗೂ ಅಜಗಜಾಂತರ.

ನನಗೆ ಬೇಕಾಗಿರೋದು 1656ರ ಒಂದು ಸಣ್ಣ ಎಚಿಂಗ್, ಅಬ್ರಹಾಂ ದೇವದೂತರಿಗೆ ಊಟ ಹಾಕೋ ದೃಶ್ಯ. ಬೈಬಲ್ ಕತೆ, ಆದ್ರೆ ಎಲ್ಲರೂ ನೆಲದ ಮೇಲೆ ಚಾಪೆ ಹಾಸಿ ತಟ್ಟೆ ಸುತ್ತ ಕೂತಿದಾರೆ, ಯುರೋಪಿನ ಚಿತ್ರದಲ್ಲಿ ಹಾಗೆ ಕೂರಲ್ಲ. ಅದು ಎಲ್ಲಿಂದ ಬಂತು ಅಂದ್ರೆ ಮೊಘಲ್ ಚಿತ್ರದಿಂದ. ಡಚ್ ಹಡಗುಗಳು ಸೂರತ್ ಕಡೆಯಿಂದ ಸಾಮಾನು ತರ್ತಿದ್ದ ಕಾಲ, ಮೊಘಲ್ ಕಿರುಚಿತ್ರಗಳೂ ಆಮ್‌ಸ್ಟರ್‌ಡ್ಯಾಂ ತಲುಪಿದ್ವು, ಮರದ ಕೆಳಗೆ ಕೂತ ಹಿರಿಯರ ಅಂಥದ್ದೇ ಒಂದು ಚಿತ್ರಾನ ರೆಂಬ್ರಾಂಟ್ ನೋಡಿ ಬರ್ಕೊಂಡ, ಶಾಹಜಹಾನನ ಚಿತ್ರಾನೂ ಬರ್ಕೊಂಡ, ಅಂಥ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರ ಉಳಿದಿವೆ. ತಮಾಷೆ ಏನಂದ್ರೆ ಇದೇ 1656ರಲ್ಲೇ ಅವನು ದಿವಾಳಿ ಆಗಿದ್ದು. ಯಾಕೆ ದಿವಾಳಿ? ದೊಡ್ಡ ಮನೆ ಸಾಲ ಒಂದು ಕಾರಣ, ಇನ್ನೊಂದು ಕಂಡಿದ್ದೆಲ್ಲ ಕೊಳ್ಳೋ ಚಟ. ಕೋರ್ಟಿನವರು ಬಂದು ಮನೆ ಸಾಮಾನಿನ ಪಟ್ಟಿ ಮಾಡಿದಾಗ 363 ಬಾಬ್ತು ಬರೆದ್ರು, ಅದ್ರಲ್ಲಿ ಬೇರೆ ಕಲಾವಿದರ ಪೇಂಟಿಂಗು, ಪ್ರಿಂಟಿನ ಆಲ್ಬಂಗಳು, ಶಿಲ್ಪ, ಚಿಪ್ಪು, ಆಯುಧ ಎಲ್ಲಾ. ಅಂದ್ರೆ ನಿಮ್ಮ ಸ್ಟಾಫ್ ರೂಮಿನ ಪ್ರಶ್ನೇನ ಅವನು ಜೀವನದಲ್ಲೇ ಆಡಿ ಸೋತವನು.

ಕೈಗೆಟುಕುತ್ತಾ ಅಂತ ಕೇಳಿದ್ರೆ, ಎಟುಕುತ್ತೆ, ಷರತ್ತಿದೆ. ಅವನು ಸತ್ತ ಮೇಲೂ ಸುಮಾರು 80 ತಾಮ್ರದ ತಗಡು ಉಳ್ಕೊಂಡ್ವು, ಪ್ಯಾರಿಸ್‌ನ ಬಾಸನ್ ಅನ್ನೋ ಪ್ರಕಾಶಕರು 18ನೇ ಶತಮಾನದ ಕೊನೇಲಿ ಅವುಗಳಿಂದ ಮತ್ತೆ ಪ್ರಿಂಟ್ ತೆಗೆದ್ರು, ಆಮೇಲೂ ಬೇರೆ ಬೇರೆಯವರು 20ನೇ ಶತಮಾನದ ಶುರುವರೆಗೂ ತೆಗೀತಾನೇ ಹೋದ್ರು. ಈ ತಡವಾದ ಪ್ರಿಂಟುಗಳು ಯುರೋಪಿನ ಸಣ್ಣ ಹರಾಜುಗಳಲ್ಲಿ ಒಂದು ಒಳ್ಳೇ ಬೈಕಿನ ಬೆಲೆಯಿಂದ ಶುರುವಾಗಿ ಸಿಗ್ತವೆ. ತಗಡು ರೆಂಬ್ರಾಂಟನದ್ದೇ, ಗೆರೆ ಬಹಳಷ್ಟು ಅವನದ್ದೇ, ಆದ್ರೆ ಸವೆದಿರುತ್ತೆ, ಕೆಲವನ್ನ ಯಾರೋ ಮತ್ತೆ ಕೆರೆದು ತಿದ್ದಿರ್ತಾರೆ. ಅವನ ಅತಿ ಪ್ರಸಿದ್ಧ 'ನೂರು ಗಿಲ್ಡರ್ ಪ್ರಿಂಟ್' ತಗಡನ್ನ ಬೈಲಿ ಅನ್ನೋ ಕ್ಯಾಪ್ಟನ್ 1770ರ ದಶಕದಲ್ಲಿ ಕೊಂಡು, ತಾನೇ ಮತ್ತೆ ಕೆರೆದು, ಪ್ರಿಂಟ್ ಹಾಕಿ, ಸಾಲದು ಅಂತ ತಗಡನ್ನ ನಾಲ್ಕು ತುಂಡು ಮಾಡಿ ತುಂಡುಗಳಿಂದಲೂ ಪ್ರಿಂಟ್ ತೆಗೆದು ಮಾರಿದ. ಸ್ವಂತ ಮಾಡ್ಕೊಳ್ಳೋ ಹಕ್ಕು ಎಲ್ಲರಿಗೂ ಕೊಡಬಾರದು ಅನ್ಸೋದು ಇಂಥದ್ದಕ್ಕೇ. ರೆಂಬ್ರಾಂಟ್ ಬದುಕಿದ್ದಾಗ ತೆಗೆದ ಗಟ್ಟಿ ಪ್ರಿಂಟಿಗೆ ಬೆಲೆ ಬೇರೆ ಲೋಕದ್ದು, ಅದಕ್ಕೇ ನಂದು ಇನ್ನೂ ಕನಸಾಗೇ ಇರೋದು.

ನಮ್ಮ ನಾಡಿನವರಲ್ಲಿ ಆಸೆ ಪಡೋದಾದ್ರೆ ಕೆ. ವೆಂಕಟಪ್ಪನವರ ಊಟಿ ಜಲವರ್ಣ, ಮಂಜು ಸರಿಯೋ ಹೊತ್ತಿನ ಬೆಟ್ಟ. ಅವನೀಂದ್ರನಾಥರ ಶಿಷ್ಯ, ವೀಣೆ ಶೇಷಣ್ಣನವರ ಹತ್ರ ವೀಣೆ ಕಲಿತವರು, ಹಟಮಾರಿ ಮನುಷ್ಯ. ಅವು ಕಸ್ತೂರ್ಬಾ ರಸ್ತೆಯ ಅವರ ಹೆಸರಿನ ಗ್ಯಾಲರಿಯ ಆಸ್ತಿ, ಮಾರಾಟಕ್ಕೆ ಬರಲ್ಲ, ಬರೋದೂ ಬೇಡ. ಆದ್ರೆ ಕೆ. ಕೆ. ಹೆಬ್ಬಾರ್ ಬೇರೆ ಮಾತು. ಉಡುಪಿ ಹತ್ರದ ಕಟ್ಟಿಂಗೇರಿಯವರು, ಮುಂಬೈಯ ಜೆ. ಜೆ. ಸ್ಕೂಲು, ಪ್ಯಾರಿಸ್ಸು ಎಲ್ಲಾ ಸುತ್ತಿ ಬಂದು ಕೊನೆಗೆ ಪೆನ್ನಿನ ಒಂದೇ ಗೆರೇಲಿ ನಾಟ್ಯ ಮಾಡೋಳನ್ನ ತಂದು ನಿಲ್ಲಿಸೋರು. ಅವರ ಆಯಿಲ್‌ಗಳು ಏರಿಬಿಟ್ಟಿವೆ, ರೇಖಾಚಿತ್ರಗಳು ಇನ್ನೂ ಅಷ್ಟು ಏರಿಲ್ಲ. ನೀವು ಐದಾರು ವರ್ಷ ಚೀಟಿ ಹಾಕಿ ಕೂಡಿಟ್ಟು ಒಂದೇ ಒಂದು ದೊಡ್ಡ ಹೆಸರು ಕೊಳ್ಳೋದಾದ್ರೆ ನಾನು ಹೇಳೋದು ದಾಖಲೆ ಸರಿಯಿರೋ ಒಂದು ಹೆಬ್ಬಾರ್ ಗೆರೆ. ಅಲ್ಲೀವರೆಗೆ ಜನವರೀಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಬನ್ನಿ, ಬದುಕಿರೋ ಕಲಾವಿದರ ಹತ್ರ ನೇರವಾಗಿ ಕೊಂಡ್ರೆ ನಕಲಿ ಭಯಾನೇ ಇಲ್ಲ, ಬಿಲ್ಲಿನ ಜೊತೆ ಅವರ ಕೈಬರಹದಲ್ಲಿ ಒಂದು ಸಾಲು ಬರೆಸ್ಕೊಳ್ಳಿ.

ಲಕ್ಷ್ಮಿ ಪಟ ಏನೇ ಆಗಿರ್ಲಿ, ದಯವಿಟ್ಟು ಲ್ಯಾಮಿನೇಷನ್ ಮಾಡಿಸ್ಬೇಡಿ. ನನ್ನ ಟೇಬಲಿಗೆ ಬರೋ ಪಟಗಳಲ್ಲಿ ಜೀವ ಹೋಗಿ ಬರೋದು ಅವೇ, ಬಿಸಿಗೆ ವಾರ್ನಿಷ್ ಕರಗಿ ಪ್ಲಾಸ್ಟಿಕ್ಕಿಗೆ ಹಿಡಿದಿರುತ್ತೆ, ಬಿಡಿಸೋಕೆ ಹೋದ್ರೆ ಮುಖಾನೇ ಎದ್ದು ಬರುತ್ತೆ. ಪ್ಲೈವುಡ್ಡಿಗೆ ಫೆವಿಕಾಲ್ ಹಾಕಿ ಅಂಟಿಸೋದು ಎರಡನೇ ಪಾಪ. ಹಿಂದಿನ ಮರದ ಹಲಗೆ, ರಟ್ಟು ಆಸಿಡ್ ಬಿಡುತ್ತೆ, ಕಾಗದ ಕಂದಾಗಿ ಅಪ್ಪಳದ ಥರ ಮುರಿಯುತ್ತೆ, ಅದನ್ನ ತೆಗೆಸಿ ಆಸಿಡ್ ಇಲ್ಲದ ಬೋರ್ಡ್ ಹಾಕಿಸಿ. ಗಾಜು ಚಿತ್ರಕ್ಕೆ ತಾಗಬಾರದು, ಮಧ್ಯೆ ಮೌಂಟ್, ಅಂದ್ರೆ ಅಂತರ ಬಿಡೋಕೆ ಸುತ್ತ ಹಾಕೋ ಬೋರ್ಡಿನ ಚೌಕಟ್ಟು, ಇರ್ಲಿ. ದೇವರಮನೇಲೇ ಇಡ್ಬೇಕು ಅಂದ್ರೆ ದೀಪದ ನೇರ ಮೇಲೆ ಬೇಡ, ಕರ್ಪೂರದ ಮಸಿ ಮತ್ತೆ ಊದಿನಕಡ್ಡಿ ಹೊಗೆ ಒಂದು ತಲೆಮಾರಿಗೆ ಲಕ್ಷ್ಮೀನ ಕಾಳಿ ಮಾಡಿಬಿಡ್ತವೆ. ಬಿಸಿಲು ಬೀಳೋ ಗೋಡೆ, ಬಾತ್‌ರೂಮ್ ಹಿಂದಿನ ಗೋಡೆ ಎರಡೂ ಬೇಡ. ಕುಂಕುಮ ಹಚ್ಚೋದಿದ್ರೆ ಗಾಜಿನ ಮೇಲೆ ಹಚ್ಚಿ.

ಕೊನೇದಾಗಿ ನೀವು ಕೇಳದೇ ಇದ್ರೂ ಅಣ್ಣ-ತಂಗಿ ಮಧ್ಯೆ ಬರೋ ವಿಷಯ. ಪಟ ನಿಮ್ಮದಾದ್ರೂ ಅದರ ಕಾಪಿರೈಟ್ ಬೇರೆ ಲೆಕ್ಕ, ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಅದು ಅವರ ವಾರಸುದಾರರದ್ದು. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಅದು ಎಂದೋ ಮುಗಿದಿದೆ, ಆದ್ದರಿಂದ ಒಳ್ಳೇ ಸ್ಕ್ಯಾನ್ ಮಾಡ್ಸಿ ಅದೇ ಅಳತೆಯ ಪ್ರಿಂಟ್ ತೆಗೆಸಿ ನಿಮ್ಮಣ್ಣನಿಗೆ ಕಳಿಸೋಕೆ ಯಾರ ಅಪ್ಪಣೆನೂ ಬೇಡ. ಹೆಬ್ಬಾರ್ ಚಿತ್ರ ಕೊಂಡು ಹಾಗೆ ಮಾಡೋ ಹಾಗಿಲ್ಲ, ಅವರು ಹೋಗಿದ್ದು 1996ರಲ್ಲಿ, 2056 ಮುಗಿಯೋವರೆಗೂ ಹಕ್ಕು ಇರುತ್ತೆ. ಮತ್ತೆ ಪಟ ಮಾರೋಣ ದುಡ್ಡು ಹಂಚ್ಕೊಳ್ಳೋಣ ಅಂತ ನಿಮ್ಮಣ್ಣ ಅಂದ್ರೆ, ಹಳೇ ಸೋಫಾ ಮಾರಿದ ಹಾಗಲ್ಲ ಇದು, ಮನೆ ಬಳಕೆ ವಸ್ತು ಆದ್ರೂ ಚಿತ್ರ, ಶಿಲ್ಪ, ಒಡವೆ ಇವಕ್ಕೆ ಲಾಭದ ಮೇಲೆ ಕ್ಯಾಪಿಟಲ್ ಗೇನ್ಸ್ ಟ್ಯಾಕ್ಸ್ ಇದೆ, ಅಜ್ಜ ಎಷ್ಟಕ್ಕೆ ಕೊಂಡಿದ್ರು ಅನ್ನೋ ಲೆಕ್ಕದಿಂದ ಶುರು ಮಾಡ್ಬೇಕಾಗುತ್ತೆ, ಅದನ್ನ ನಿಮ್ಮೂರಿನ ಆಡಿಟರ್ ಹತ್ರ ಕೇಳಿ.